ಏಳನೇ ತಿಂಗಳ ದೀಪ

ಬಯಾನ್ ಲೆಪಾಸ್, ಪೆನಾಂಗ್
ಗುರುವಾರ

ಚಿ. ಇಂಚರಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ಇಷ್ಟು ವರ್ಷ ನಿನಗೆ ಏನು ಬರೆದರೂ, ಹಬ್ಬದ ಸೀರೆಯ ಮೇಲೆ ಅಂಟಿಸಿದ ಚೀಟಿಯಾದರೂ, 'ಚಿ. ಸೌ.' ಎಂದೇ ಬರೆದವಳು ನಾನು. ಇವತ್ತು 'ಚಿ.' ಬರೆದ ಮೇಲೆ ಪೆನ್ನು ನಿಂತಿತು. ಸೌಭಾಗ್ಯವತಿ ಎಂದು ಬರೆಯಲು ಕೈ ಬರಲಿಲ್ಲ, ಬರೆಯದೆ ಬಿಡಲು ಮನಸ್ಸು ಬರಲಿಲ್ಲ. ಕಿಟಕಿಯಾಚೆ ವಿಮಾನ ಇಳಿಯುವುದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದು, ಕೊನೆಗೆ ಮುಂದಿನ ಸಾಲಿಗೆ ಹೋದೆ. ಮರೆವು ಎಂದುಕೊಳ್ಳಬೇಡ. ನನಗೆ ವಯಸ್ಸಾಗಿದೆ, ಮರೆವು ಇನ್ನೂ ಬಂದಿಲ್ಲ.

ಮಂಗಳವಾರದಿಂದ ನಿನ್ನ ಫೋನ್ ಎತ್ತಿಲ್ಲ. ಫೋನ್ ಕೆಟ್ಟಿದೆ ಎಂದು ನಿನ್ನ ಮಗಳ ಕೈಲಿ ಹೇಳಿಸಿದೆ. ಅವಳು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ಅಜ್ಜೀಸ್ ಫೋನ್ ಈಸ್ ಸ್ಪಾಯಿಲ್ಡ್ ಲಾ, ಮಮ್ಮಿ. ಬಟ್ ಶಿ ಈಸ್ ವಾಚಿಂಗ್ ಸೀರಿಯಲ್ ಆನ್ ಇಟ್." ಪುಟ್ಟಿಗೆ ಎಂಟು ತುಂಬಿತು, ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರುವುದಿಲ್ಲ. ಆಚೆಯಿಂದ ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ, "ಅತ್ತೆ ಪಕ್ಕದಲ್ಲೇ ಇದ್ದಾರಾ? ಅತ್ತೆ, ನಿಮಗೆ ಗೊತ್ತಾಯ್ತಾ?" ಎಂದು ಕೇಳಿದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನೀನು ಹೋಗುವ ಮುಂಚೆ ಹಾಕಿಕೊಟ್ಟ ಆ ಹಸಿರು ಬಣ್ಣದ ಚೀನೀ ಆ್ಯಪಿನಲ್ಲಿ ಪುಟ್ಟಿ ಇದರ ಫೋಟೋ ತೆಗೆದು ಕಳಿಸುತ್ತಾಳೆ. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಅಕ್ಷರ ಓದಲು ಬರುವುದಿಲ್ಲ. ಮಗುವಿಗೆ ಕನ್ನಡ ಕಲಿಸಲಿಲ್ಲ ಎಂದು ನಿನ್ನನ್ನು ಎಷ್ಟು ಸಲ ಬೈದಿದ್ದೇನೋ. ಇವತ್ತು ಒಂದು ದಿನದ ಮಟ್ಟಿಗೆ ಅದು ಅನುಕೂಲವಾಯಿತು.

ನೀನು ಹೊರಟಾಗ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಬೇರೆಬೇರೆ ದೇಶಗಳಲ್ಲಿ ಚರಿತ್ರೆ ಕಲಿಸುವ ಟೀಚರುಗಳನ್ನು ಆರಿಸಿ, ಮೂರು ವಾರ ಚೀನಾದಲ್ಲಿ ಸುತ್ತಾಡಿಸಿ, ಅಲ್ಲಿಯ ಇತಿಹಾಸ, ಆಚಾರ, ಹಬ್ಬಹರಿದಿನ ಎಲ್ಲವನ್ನೂ ಕಣ್ಣಾರೆ ತೋರಿಸಿ ಕಳಿಸುತ್ತಾರಂತೆ. ನಿನ್ನ ಸ್ಕೂಲಿನಿಂದ ನಿನ್ನನ್ನೇ ಆರಿಸಿದರು ಎಂದಾಗ ನನಗೆ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಯಲ್ಲಿ ಬಂದದ್ದು ಬೇರೆ. "ಚೀನಾ ನೋಡೋಕೆ ಚೀನಾಕ್ಕೆ ಯಾಕೆ ಹೋಗ್ಬೇಕು? ಕೆಳಗಡೆ ಲಿಮ್ ಮನೆ ಬಾಗಿಲು ತಟ್ಟು, ಸಾಕು" ಎಂದೆ. ನೀನು ಸೂಟ್‌ಕೇಸಿನೊಳಗೆ ಬಟ್ಟೆ ಇಡುತ್ತ, ತಲೆ ಎತ್ತದೆ, "ತಟ್ಟಿದ್ದೀನಿ ಅತ್ತೆ" ಎಂದೆ. ಆ ಮಾತಿನ ಅರ್ಥ ನನಗೆ ಈ ಮಂಗಳವಾರದವರೆಗೆ ಆಗಲಿಲ್ಲ.

ನಮ್ಮ ಜಗಳ ಚೀನಾದ ಬಗ್ಗೆ ಅಲ್ಲ. ಭೀಮನ ಅಮಾವಾಸ್ಯೆಯ ಬಗ್ಗೆ. ಗಂಡನ ಆಯುಸ್ಸಿಗಾಗಿ ದೀಪದ ಕಂಬಗಳಿಗೆ ಪೂಜೆ ಮಾಡುವ ದಿನ ಮನೆಯ ಸೊಸೆ ಮನೆಯಲ್ಲಿರಬೇಕು. ನಾನು ಗಂಡನನ್ನು ಕಳೆದುಕೊಂಡವಳು, ನನಗೆ ಆ ವ್ರತವಿಲ್ಲ. ಹಬ್ಬ ಮುಗಿಸಿ ಹೋಗು ಎಂದೆ. ನಿನ್ನ ವಿಮಾನ ಅದಕ್ಕೆ ಮುಂಚೆಯೇ ಇತ್ತು. "ಈ ವರ್ಷ ಬಿಡೋಣ ಅತ್ತೆ" ಎಂದೆ. "ಬಿಡೋದು ಅಂದ್ರೆ? ಅವನನ್ನೂ ಬಿಡೋಣವಾ?" ಎಂದು ಕೇಳಿದೆ. ನೀನು ಸೂಟ್‌ಕೇಸಿನ ಜಿಪ್ ಎಳೆದೆ. ಆ ಸದ್ದೇ ನನಗೆ ಸಿಕ್ಕ ಉತ್ತರ.

ಐದು ವರ್ಷದಿಂದ ಈ ಮನೆಯಲ್ಲಿ ನನ್ನ ಮಗ ಪ್ರಶಾಂತನ ಮಾತು ಬಂದಾಗಲೆಲ್ಲ ನಾವು ಹೀಗೇ ಯಾವುದಾದರೂ ಒಂದು ಸದ್ದಿನ ಹಿಂದೆ ಅಡಗಿಕೊಂಡಿದ್ದೇವೆ. ಮಿಕ್ಸಿ, ನಲ್ಲಿ, ಟಿವಿ.

ಆ ಭಾನುವಾರದ ಬೆಳಿಗ್ಗೆ ಅವನಿಗೆ ಮೊಸರನ್ನ ಕಲಸಿ ಕೊಟ್ಟವಳು ನಾನು. ಫ್ಯಾಕ್ಟರಿಯ ಗೆಳೆಯರ ಜೊತೆ ದೋಣಿಯಲ್ಲಿ ಹೋಗಿ, ಅವರೆಲ್ಲ ಗಾಳ ಹಾಕಿ ಕೂತರೆ ಇವನು ಮೊಸರನ್ನದ ಡಬ್ಬಿ ಹಿಡಿದು ಕೂರುವವನು. "ಮೀನಿಗೆ ನಾನು ಕಂಪನಿ ಕೊಡ್ತೀನಮ್ಮ, ಪಾಪ ಅವಕ್ಕೂ ಬೇಜಾರು" ಎಂದು ನಗುತ್ತಿದ್ದ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ದೋಣಿ ಮಗುಚಿದ್ದು ಸಿಕ್ಕಿತು. ಗೆಳೆಯರಿಬ್ಬರೂ ಜೀವಸಹಿತ ಸಿಕ್ಕಿದರು. ಇವನು ಸಿಗಲಿಲ್ಲ. ಬದುಕಿ ಬರಲಿಲ್ಲ, ಹೆಣವಾಗಿಯೂ ಬರಲಿಲ್ಲ. ಕಣ್ಣಿಗೆ ಕಾಣದ್ದನ್ನು ನಾನು ಹೇಗೆ ನಂಬಲಿ? ಮೈಸೂರಿನಿಂದ ನನ್ನ ತಮ್ಮ ನಾಣಿ ಪುರೋಹಿತರನ್ನು ಕೇಳಿ ಹೇಳಿದ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯಲ್ಲಿ ಗೊಂಬೆ ಮಾಡಿ ಕರ್ಮ ಮಾಡುತ್ತಾರಂತೆ. ಮನೆಯವರಿಗೆ ಖಾತ್ರಿಯಾದರೆ ಅಷ್ಟು ಕಾಯಬೇಕಾಗಿಲ್ಲವಂತೆ. ನಾನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡೆ. ಹನ್ನೆರಡು ವರ್ಷ ನನ್ನ ಮಗ ಬದುಕಿದ್ದಾನೆ ಎಂದು ಶಾಸ್ತ್ರವೇ ಬರೆದುಕೊಟ್ಟ ಹಾಗೆ ಹಿಡಿದುಕೊಂಡೆ.

ಅವನ ಫೋನ್ ನಂಬರು ಸಾಯದಿರಲಿ ಎಂದು ನಿನ್ನ ಕೈಲಿ ತಿಂಗಳುತಿಂಗಳೂ ಕರೆನ್ಸಿ ಹಾಕಿಸಿದೆ. ಶನಿವಾರ ಶನಿವಾರ ಆ ನಂಬರಿಗೆ ಮಾಡುತ್ತೇನೆ. ಒಬ್ಬ ಹೆಂಗಸು ಮಲಯ್ ಭಾಷೆಯಲ್ಲಿ ಬಹಳ ಮರ್ಯಾದೆಯಿಂದ ಏನೋ ಹೇಳುತ್ತಾಳೆ. ಅದರ ಅರ್ಥ ನನಗೆ ಗೊತ್ತು, ಆದರೂ ಪೂರ್ತಿ ಕೇಳಿಯೇ ಇಡುತ್ತೇನೆ. ವರ್ಷವರ್ಷವೂ ಭೀಮನ ಅಮಾವಾಸ್ಯೆಯ ದಿನ ನಿನ್ನನ್ನು ದೀಪದ ಮುಂದೆ ಕೂರಿಸಿದೆ. ನೀನು ಅರಿಶಿನದ ದಾರ ಕಟ್ಟಿಕೊಂಡು, ಆರತಿ ಎತ್ತಿ, ನನಗೆ ನಮಸ್ಕಾರ ಮಾಡಿದೆ. ನಾನು ದೀರ್ಘಸುಮಂಗಲಿಯಾಗು ಎಂದು ಹರಸಿದೆ. ನೀನು ಏಳುವಾಗ ನಿನ್ನ ಮುಖ ಹೇಗಿರುತ್ತಿತ್ತು ಎಂದು ನೋಡುವ ಧೈರ್ಯ ಮಾಡಲಿಲ್ಲ. ಕುಂಕುಮಕ್ಕೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಮಾತ್ರ ನೋಡಿದೆ, ಅವರನ್ನು ಮುಂದಿನ ವರ್ಷ ಕರೆಯಲಿಲ್ಲ.

ಈ ವರ್ಷ ದೀಪದ ಕಂಬಗಳು ಕಪಾಟಿನಲ್ಲೇ ಉಳಿದವು. ನಾಣಿಗೆ ಫೋನ್ ಮಾಡಿ ನಿನ್ನ ಮೇಲೆ ದೂರು ಹೇಳಿದೆ. ಅವನು ಎಲ್ಲ ಕೇಳಿ, "ಅಕ್ಕ, ನೀನು ಅವನಿಗೋಸ್ಕರ ಕಾಯ್ತಿದ್ದೀಯೋ, ಇವಳನ್ನ ಕಾಯ್ತಿದ್ದೀಯೋ?" ಎಂದ. ಫೋನ್ ಇಟ್ಟುಬಿಟ್ಟೆ. ಚಿಕ್ಕವನಿದ್ದಾಗಲೂ ಅವನ ನಾಲಿಗೆ ಹೀಗೇ.

ಅಲ್ಲಿಂದ ನೀನು ಕಳಿಸಿದ ಫೋಟೋಗಳನ್ನು ಮೊದಮೊದಲು ತೆರೆಯಲಿಲ್ಲ. ಪುಟ್ಟಿಯೇ ತೋರಿಸಿದಳು. ಕುಂಚ ಹಿಡಿದು ಅಕ್ಷರ ಬರೆಯುವ ನೀನು, ಎರಡು ಕೈಯಲ್ಲೂ ಬಟ್ಟಲು ಹಿಡಿದು ಚಹಾ ಕೊಡುವುದನ್ನು ಕಲಿಯುವ ನೀನು, ಹಳೆಯ ಕೋಟೆಯ ಗೋಡೆಯ ಮುಂದೆ ಇತರ ಟೀಚರುಗಳ ಜೊತೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ನೀನು. ಚ್ವಾನ್‌ಝೌ ಊರಿನ ಬೌದ್ಧ ದೇವಸ್ಥಾನದ ಕಂಬದ ಮೇಲಿನ ನರಸಿಂಹನ ಕೆತ್ತನೆಯನ್ನು ಕಳಿಸಿದಾಗ ಮಾತ್ರ ನಾನು ಕನ್ನಡಕ ಹಾಕಿಕೊಂಡು ಕೂತೆ. ಸಮುದ್ರ ದಾಟಿ ಬಂದ ತಮಿಳು ವ್ಯಾಪಾರಿಗಳು ನೂರಾರು ವರ್ಷದ ಹಿಂದೆ ಕಟ್ಟಿದ ಗುಡಿಯ ಕಲ್ಲು ಅದು ಎಂದು ಬರೆದಿದ್ದೆ. ನಾನು ಅದನ್ನು ನಾಣಿಗೆ ಕಳಿಸಿದೆ. "ನಮ್ಮವರು ಅಲ್ಲೂ ಮೊದಲೇ ಹೋಗಿ ಸೈಟ್ ಮಾಡಿದ್ದಾರಲ್ಲಕ್ಕ" ಎಂದ. ಎಷ್ಟೋ ದಿನದ ಮೇಲೆ ನಕ್ಕೆ. ನಿನ್ನ ಮೇಲಿನ ಸಿಟ್ಟು ಅರ್ಧ ಇಳಿದಿತ್ತು.

ಉಳಿದರ್ಧ ಕಳೆದ ಭಾನುವಾರದ ವಿಡಿಯೋ ನೋಡಿ ಇಳಿಯಿತು. ಸಂಜೆಯ ಹೊತ್ತು, ಒಂದು ನದಿ, ಕಲ್ಲಿನ ಮೆಟ್ಟಿಲು. ಟೀಚರುಗಳು ಸಾಲಾಗಿ ಇಳಿದು ಕಾಗದದ ಕಮಲದೊಳಗೆ ದೀಪ ಇಟ್ಟು ನೀರಿಗೆ ಬಿಡುತ್ತಿದ್ದರು. ನೀನು ಮಂಡಿಯೂರಿ ಕೂತೆ. ಎಸಳಿನ ಮೇಲೆ ಕುಂಚದಿಂದ ಕನ್ನಡದಲ್ಲಿ 'ಪ್ರಶಾಂತ' ಎಂದು ಬರೆದಿದ್ದೆ. ದೀಪವನ್ನು ಒಮ್ಮೆಲೇ ಬಿಡಲಿಲ್ಲ, ನೀರಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ. ಆಮೇಲೆ ಬಿಟ್ಟೆ. ಪುಟ್ಟಿ, "ದಟ್ಸ್ ಫಾರ್ ಡ್ಯಾಡಿ" ಎಂದಳು.

ನನಗೆ ಏನನ್ನಿಸಿತು ಗೊತ್ತೇ? ಭೀಮನ ಅಮಾವಾಸ್ಯೆ ತಪ್ಪಿಸಿದ್ದಕ್ಕೆ ನಿನ್ನ ಮನಸ್ಸು ಕೊರೆದಿದೆ, ಅಲ್ಲಿಯೇ ಹೇಗೋ ಗಂಡನ ಹೆಸರಿನಲ್ಲಿ ದೀಪ ಹಚ್ಚಿದ್ದೀಯ ಎಂದು. ಕಾರ್ತಿಕದಲ್ಲಿ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ನಾವು ಹೆಂಗಸರು ದೊನ್ನೆಯಲ್ಲಿ ದೀಪ ಬಿಡುತ್ತಿದ್ದೆವು, ಮನೆಯ ಗಂಡಸರ ಆಯುಸ್ಸು ಕೇಳಿಕೊಂಡು. ನೀರಿನ ಮೇಲಿನ ದೀಪ ಎಂದರೆ ನನಗೆ ಗೊತ್ತಿದ್ದದ್ದು ಅದೊಂದೇ. ಆ ವಿಡಿಯೋವನ್ನು ಇಲ್ಲಿಯ ಕನ್ನಡ ಸಂಘದ ಹೆಂಗಸರಿಗೆಲ್ಲ ಕಳಿಸಿದೆ. 'ನನ್ನ ಸೊಸೆ ಎಲ್ಲಿದ್ದರೂ ವ್ರತ ಬಿಡುವವಳಲ್ಲ' ಎಂದು ಕೆಳಗೆ ಬರೆದೆ. ಮುಖ ಮುಖ ನೋಡಿಕೊಂಡವರಿಗೂ ಹುಡುಕಿ ಕಳಿಸಿದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸೋಮವಾರ ಅಕ್ಕಿಹಿಟ್ಟಿಗೆ ಬೆಲ್ಲ ಹಾಕಿ ತಂಬಿಟ್ಟು ಮಾಡಿದೆ, ತಂಬಿಟ್ಟಿನ ದೀಪ ತಿದ್ದಿದೆ. ಇಲ್ಲಿ ದೊನ್ನೆ ಎಲ್ಲಿ ಸಿಗಬೇಕು? ಮಾಮಕ್ ಅಂಗಡಿಯಿಂದ ರೊಟ್ಟಿ ಕಟ್ಟಿಸಿಕೊಂಡು ತಂದ ಡಬ್ಬಿಯ ಮುಚ್ಚಳ ತೊಳೆದು ಒಣಗಿಸಿದೆ. ಪುಟ್ಟಿಗೆ ಲಂಗ ತೊಡಿಸಿ, ಟ್ಯಾಕ್ಸಿ ತರಿಸಿ, ಸೂರ್ಯ ಮುಳುಗುವ ಹೊತ್ತಿಗೆ ಬಟು ಮಾವುಂಗ್ ದಂಡೆಗೆ ಹೋದೆ. ಅವನ ದೋಣಿ ಹೊರಟ ಜಾಗಕ್ಕೇ. ಐದು ವರ್ಷದಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಪುಟ್ಟಿಯ ಕೈಲಿ ದೀಪ ಬಿಡಿಸಿದೆ. ಅವಳ ಕೈಯ ಮೇಲೆ ನನ್ನ ಕೈ ಇತ್ತು. "ಅಪ್ಪನ ಹೆಸರು ಹಿಡಿದು ಕೂಗು" ಎಂದೆ. ಅವಳು ನಾಚಿಕೊಂಡು ಮೆಲ್ಲಗೆ "ಡ್ಯಾಡಿ" ಎಂದಳು. ನಾನೇ ಗಟ್ಟಿಯಾಗಿ ಕೂಗಿದೆ. ಬಲೆ ಸರಿಮಾಡುತ್ತಿದ್ದ ಬೆಸ್ತನೊಬ್ಬ ತಿರುಗಿ ನೋಡಿ ತನ್ನ ಕೆಲಸಕ್ಕೆ ಮರಳಿದ. ಅಲೆ ಇದ್ದರೂ ದೀಪ ಆರಲಿಲ್ಲ, ನೆಟ್ಟಗೆ ಸಮುದ್ರದ ಕಡೆಗೆ ತೇಲಿಕೊಂಡು ಹೋಯಿತು. ಹಾಗೆ ಹೋದದ್ದೇ ಶುಭ ಎಂದುಕೊಂಡೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮಂಗಳವಾರ ಬೆಳಿಗ್ಗೆ ಉಳಿದ ತಂಬಿಟ್ಟನ್ನು ಲಿಮ್‌ಗೆ ಕೊಡಲು ಕೆಳಗೆ ಹೋದೆ. ಅವಳ ಜೊತೆ ನನ್ನ ಸ್ನೇಹ ಹೇಗೆ ಶುರುವಾಯಿತು ಎಂದು ನಿನಗೆ ಗೊತ್ತು. ನಾನು ಬಂದ ಹೊಸತು. ಈ ಚೀನೀಯರ ಏಳನೇ ತಿಂಗಳಲ್ಲಿ ಮಾರ್ಕೆಟ್ ಬಳಿ ನಾಟಕದ ವೇದಿಕೆ ಹಾಕಿದ್ದರು. ಮೊದಲ ಸಾಲಿನ ಕುರ್ಚಿಗಳು ಪೂರ್ತಿ ಖಾಲಿ. ನಮ್ಮ ಕಡೆ ಗಣಪತಿ ಆರ್ಕೆಸ್ಟ್ರಾಕ್ಕೆ ಮುಂದಿನ ಸಾಲು ಸಿಗುವುದುಂಟೇ ಎಂದು ಹೋಗಿ ಕೂತೆ. ಲಿಮ್ ಓಡಿಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಆಂಟಿ, ದಿಸ್ ಒನ್ ನಾಟ್ ಫಾರ್ ಯು ಲಾ! ನಾಟ್ ಯೆಟ್!" ಅದು ಸತ್ತವರಿಗೆ ಬಿಟ್ಟ ಸಾಲಂತೆ. ಆ ತಿಂಗಳು ಅವರು ಮನೆಗೆ ಬಂದು ಹೋಗುತ್ತಾರಂತೆ. ಇಷ್ಟು ಗೊತ್ತಿದ್ದೂ, ನಮ್ಮ ಶ್ರಾವಣ ಹುಟ್ಟುವಾಗಲೇ ಇವರ ಏಳನೇ ತಿಂಗಳೂ ಹುಟ್ಟುತ್ತದೆಂದು ಕಂಡಿದ್ದೂ, ದೀಪ ನೋಡಿದಾಗ ನನಗೆ ಅದು ಹೊಳೆಯಲಿಲ್ಲ. ದೀಪ ನಮ್ಮದು ಎಂದುಕೊಂಡಿದ್ದೆ.

ಅವಳಿಗೆ ನಿನ್ನ ವಿಡಿಯೋ ತೋರಿಸಿದೆ. ನಾನೂ ಮೊಮ್ಮಗಳೂ ದೀಪ ಬಿಟ್ಟುಬಂದದ್ದನ್ನು ಸಡಗರದಿಂದ ಹೇಳಿದೆ. ಅವಳು ತಂಬಿಟ್ಟಿನ ತಟ್ಟೆ ಕೆಳಗಿಟ್ಟಳು. "ಯು ಕಾಲ್ ಹಿಸ್ ನೇಮ್, ಆಂಟಿ?" ಎಂದು ಕೇಳಿದಳು. ಹೌದು ಎಂದೆ. ನನ್ನ ಕೈ ಹಿಡಿದು ಕೂರಿಸಿದಳು. ಅವಳ ಹರಕು ಇಂಗ್ಲಿಷು, ನನ್ನ ಹರಕು ಇಂಗ್ಲಿಷು, ಆದರೂ ಅವತ್ತು ಒಂದು ಮಾತೂ ನನಗೆ ತಿಳಿಯದೆ ಹೋಗಲಿಲ್ಲ. ನೀರಿನಲ್ಲಿ ಸತ್ತವರಿಗೆ, ಮಣ್ಣು ಸಿಗದವರಿಗೆ, ಮನೆಯಲ್ಲಿ ಕರ್ಮ ಆಗದವರಿಗೆ ಬಿಡುವ ದೀಪ ಅದು. ಅವರು ಕತ್ತಲಲ್ಲಿ ಅಲೆಯಬಾರದು, ಈ ಲೋಕ ದಾಟಿ ಹೋಗಲಿ ಎಂದು. ಅವಳ ಗಂಡನ ತಮ್ಮನೂ ಸಮುದ್ರದಲ್ಲೇ ಹೋದವನಂತೆ. ಪ್ರತಿವರ್ಷ ಬಿಡುತ್ತಾರಂತೆ.

ನಾನು ಎದ್ದು ನಿಂತು ಏನು ಕೂಗಾಡಿದೆನೋ ನನಗೇ ನೆನಪಿಲ್ಲ. ಕನ್ನಡದಲ್ಲೇ ಕೂಗಾಡಿದೆ. ನನ್ನ ಸೊಸೆ ನನ್ನ ಮಗನನ್ನು ಪರದೇಶದ ನದಿಯಲ್ಲಿ ಹೆಣ ಮಾಡಿ ಬಿಟ್ಟಳು, ನನ್ನ ಕೈಯಿಂದಲೂ ಮಾಡಿಸಿದಳು ಎಂದೆ. ಲಿಮ್‌ಗೆ ಮಾತು ತಿಳಿಯದಿದ್ದರೂ ಬೈಗುಳ ಯಾರಿಗೆ ಎಂದು ತಿಳಿಯಿತು. ಅವಳೂ ದನಿ ಏರಿಸಿದಳು. "ಯುವರ್ ಗರ್ಲ್ ಗುಡ್ ಗರ್ಲ್, ಆಂಟಿ! ಎವರಿ ಇಯರ್ ಶಿ ಕಮ್ ಹಿಯರ್. ಸಿಟ್ ದೇರ್. ಫೋಲ್ಡ್ ಪೇಪರ್, ಕ್ರೈ. ದೆನ್ ವಾಶ್ ಫೇಸ್, ಗೋ ಅಪ್. ಅಪ್‌ಸ್ಟೇರ್ಸ್ ಕ್ಯಾನಾಟ್ ಕ್ರೈ, ಶಿ ಸೇ."

ಅವಳು ತೋರಿಸಿದ ಜಾಗದಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಪಕ್ಕದಲ್ಲಿ ಸತ್ತವರಿಗಾಗಿ ಸುಡುವ ಬಂಗಾರದ ಕಾಗದದ ಕಟ್ಟು.

ಚೀನೀ ಭಾಷೆ ಕಲಿಯಲು ಲಿಮ್ ಮನೆಗೆ ಹೋಗುತ್ತೀಯ ಎಂದುಕೊಂಡಿದ್ದೆ ಇಂಚರ. ಪ್ರವಾಸಕ್ಕೆ ಆರಿಸಲಿ ಎಂದು ಮುಂದಾಲೋಚನೆ ಮಾಡುತ್ತಿದ್ದೀಯ ಎಂದು ಒಳಗೊಳಗೇ ಮೆಚ್ಚಿಕೊಂಡೂ ಇದ್ದೆ. ನನ್ನ ಮನೆಯ ಸೊಸೆ ಗಂಡನಿಗಾಗಿ ಅಳಲು ಕೆಳಗಿನ ಮನೆಯ ಸ್ಟೂಲಿನ ಮೇಲೆ ಕೂರಬೇಕಾಯಿತೇ? ಯಾವ ಮಾತು ನನಗೆ ಹೆಚ್ಚು ಚುಚ್ಚಿತು ಎಂದು ಇನ್ನೂ ತಿಳಿಯುತ್ತಿಲ್ಲ. ದೀಪದ್ದೋ, ಇದೋ. ಮೇಲೆ ಬಂದು ಬಾಗಿಲು ಹಾಕಿಕೊಂಡೆ.

ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ದೀಪ ಬಿಟ್ಟ ಮೇಲೆ ನೀನು ಎದ್ದು ನಿಂತು ಕ್ಯಾಮೆರಾ ಕಡೆ ತಿರುಗುತ್ತೀಯ. ಅಳುತ್ತಿಲ್ಲ. ಬಹಳ ದೂರ ಹೊತ್ತು ತಂದ ಬಿಂದಿಗೆಯನ್ನು ಇಳಿಸಿದವಳ ಹಾಗೆ ನಿನ್ನ ಭುಜ ಇಳಿದಿದೆ. ಮೊದಲ ದಿನ ಅದನ್ನು ನೋಡಿ ನಿನ್ನ ಮೇಲೆ ಹಲ್ಲು ಕಡಿದೆ. ನನ್ನ ಮಗನನ್ನು ಇಳಿಸಿಬಿಟ್ಟಳಲ್ಲ ಎಂದು. ನಿನ್ನೆ ನೋಡುವಾಗ, ನೀನು ಇಷ್ಟು ದಿನ ಹೊತ್ತದ್ದು ಅವನನ್ನಲ್ಲ, ನನ್ನನ್ನು ಎಂದು ಕಂಡಿತು.

ನಾನು ಮಾಡಿದ್ದು ತಪ್ಪು ಎಂದು ಬರೆಯುತ್ತಿಲ್ಲ. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಕಾಯುವುದು ನನ್ನ ಹಕ್ಕು. ಬೇರೆ ಯಾವ ತಾಯಿಯಾದರೂ ಹೀಗೇ ಮಾಡುತ್ತಿದ್ದಳು, ಮಾಡದವಳ ಮುಖವನ್ನು ನಾನು ನೋಡಬಯಸುವುದಿಲ್ಲ. ಆದರೆ ಕಾಯುವುದನ್ನು ನಿನ್ನ ಮೇಲೂ ಹೊರಿಸುವ ಹಕ್ಕು ನನಗೆ ಎಲ್ಲಿಂದ ಬಂತು? ನೀನು ಒಂದು ಸಲವೂ ಕೇಳಲಿಲ್ಲ. ಕೇಳಬೇಕಿತ್ತು. ಜಗಳವಾಡಬೇಕಿತ್ತು. ನನ್ನ ಜೊತೆ ಜಗಳವಾಡುವಷ್ಟು ಗಟ್ಟಿ ಸೊಸೆ ಎಂದೇ ನಿನ್ನನ್ನು ಆರಿಸಿ ತಂದದ್ದು.

ಇವತ್ತು ಮಧ್ಯಾಹ್ನ ಪುಟ್ಟಿ ಕೇಳಿದಳು. "ಅಜ್ಜಿ, ವಿ ಕಾಲ್ಡ್ ಡ್ಯಾಡಿ. ಸೋ ವೆನ್ ಈಸ್ ಹಿ ಕಮಿಂಗ್?" ಊಟ ಮಾಡುತ್ತಿದ್ದವಳು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದಳು. ಮಿಕ್ಸಿ ಇರಲಿಲ್ಲ, ನಲ್ಲಿ ಇರಲಿಲ್ಲ. ನಾನು ಟಿವಿ ಹಾಕಲು ಎದ್ದವಳು ರಿಮೋಟ್ ಹಿಡಿದು ಅಲ್ಲೇ ನಿಂತೆ. ಐದು ವರ್ಷದಿಂದ ಆ ಮಗುವಿಗೆ 'ಬರ್ತಾನೆ' ಎಂದು ಹೇಳಿದವಳು ನಾನು. ನೀನು ಹೇಳಲಿಲ್ಲ. ಅವಳು ಕೇಳಿದಾಗಲೆಲ್ಲ ನೀನು ಸುಮ್ಮನೆ ತಲೆ ಸವರುತ್ತಿದ್ದೆ. ಅವಳು ಸಮುದ್ರದ ಕಡೆ ಮುಖ ಮಾಡಿ ಕರೆದದ್ದೂ ನನ್ನ ಮಾತು ನಂಬಿ. ಬರದಿದ್ದರೆ ಅವಳು ಯಾರನ್ನು ಕೇಳಬೇಕು? ದೊಡ್ಡವಳಾದ ಮೇಲೆ ಲಿಮ್ ಮನೆಯ ಸ್ಟೂಲಿನ ಮೇಲೆ ಹೋಗಿ ಕೂರಬೇಕೇ?

"ಮಮ್ಮಿ ಬರಲಿ, ಹೇಳ್ತೀನಿ" ಎಂದೆ.

ಆಮೇಲೆ ನಾಣಿಗೆ ಫೋನ್ ಮಾಡಿದೆ. ಹನ್ನೆರಡು ವರ್ಷ ಬೇಡ, ಪುರೋಹಿತರನ್ನು ಕೇಳಿ ದಿನ ನೋಡು ಎಂದೆ. ಅವನು ನಾಲಿಗೆ ಉದ್ದ ಮಾಡುತ್ತಾನೆ ಎಂದು ಕಾದೆ. ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ದಸರಾ ರಜೆಯ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಹೋಗೋಣ, ನೀನು ಒಪ್ಪಿದರೆ ಮಾತ್ರ. ನಿನ್ನನ್ನು ಕೇಳದೆ ಇನ್ನು ಅವನ ವಿಷಯದಲ್ಲಿ ಏನೂ ಮಾಡುವುದಿಲ್ಲ. ಕುಂಕುಮ, ಬಳೆ, ಸೀರೆ ಇವುಗಳ ಬಗ್ಗೆ ಯಾರಾದರೂ ನಿನಗೆ ಒಂದು ಮಾತು ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸು. ಯಾವುದು ಇಟ್ಟುಕೊಳ್ಳುತ್ತೀಯ, ಯಾವುದು ಬಿಡುತ್ತೀಯ ನಿನ್ನ ಇಷ್ಟ. ಮುಂದೆ ಯಾರನ್ನಾದರೂ ಮನೆಗೆ ಕರೆತರುವ ದಿನ ಬಂದರೆ ನನಗೆ ಮೊದಲೇ ಹೇಳು. ನಾನು ಮುಖ ಗಂಟು ಹಾಕಿಕೊಳ್ಳುತ್ತೇನೆ, ಅದು ನನ್ನ ಸ್ವಭಾವ. ಅದನ್ನು ನೋಡಿ ಹಿಂದೆ ಸರಿಯಬೇಡ.

ಶನಿವಾರ ನಿನ್ನ ವಿಮಾನ. ಪುಟ್ಟಿಯನ್ನು ಕರೆದುಕೊಂಡು ನಾನೇ ಬರುತ್ತೇನೆ. ಮನೆಗೆ ಬಂದು ನೀನು ಸ್ನಾನ ಮಾಡಿ ಊಟ ಮಾಡಿದ ಮೇಲೆ ಮೂವರೂ ಕೂರೋಣ. ಟಿವಿ ಬೇಡ, ಫೋನ್ ಬೇಡ. ಪುಟ್ಟಿಯನ್ನು ನಿನ್ನ ಮಡಿಲಲ್ಲಿ ಕೂರಿಸಿಕೊ. ಅಪ್ಪ ಬರುವುದಿಲ್ಲ ಎಂದು ನಾನು ಹೇಳುತ್ತೇನೆ. ಬರುತ್ತಾನೆ ಎಂದ ಬಾಯೇ ಇದನ್ನೂ ಹೇಳಬೇಕು. ನನ್ನ ಮಗ ಪ್ರಶಾಂತ ಸಮುದ್ರದಲ್ಲಿ ತೀರಿಕೊಂಡ. ನೋಡು, ಇಲ್ಲಿ ಬರೆದುಬಿಟ್ಟೆ, ಅಕ್ಷರ ನೆಟ್ಟಗೇ ಬಂದಿದೆ. ಆಡುವಾಗ ಹೇಗೆ ಬರುತ್ತದೋ ತಿಳಿಯದು. ನಾನು ನಡುವೆ ನಿಂತರೆ ಉಳಿದದ್ದನ್ನು ನೀನು ಹೇಳು. ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳು. ಆಮೇಲೆ ಅಳಬೇಕೆನಿಸಿದರೆ ಇಲ್ಲೇ, ಹಾಲ್‌ನಲ್ಲೇ, ಗಟ್ಟಿಯಾಗಿ ಅಳು. ನಾನೂ ಅಳುತ್ತೇನೆ. ಅವನು ಹೋದಂದಿನಿಂದ ಅತ್ತಿಲ್ಲ.

ದೇವರು ನಿನಗೆ ಗಟ್ಟಿ ಆಯುಸ್ಸು, ಹಗುರ ಮನಸ್ಸು ಕೊಡಲಿ. ಮಗಳ ಜೊತೆ ನೂರು ಕಾಲ ಬಾಳು, ತಾಯಿ. ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ದಾರಿ ನೋಡುತ್ತಿರುವ ಅತ್ತೆ,
ಚಾಮುಂಡಮ್ಮ